ದೇವರಿಗೆ ಮಗನನ್ನು ಕೊಟ್ಟ ತಾಯಂದಿರು

ಹಾಲು, ಮೊಸರು, ಒಂದು ಎಲೆಕೋಸಿನ ಗಡ್ಡೆ, ಇಷ್ಟನ್ನು ಕೌಂಟರಿನ ಮೇಲಿಟ್ಟು ತಲೆಯೆತ್ತಿ ನೋಡಿದರೆ ಬಿಲ್ ಮಾಡುತ್ತಿದ್ದ ಬಿಳಿಯ ಹೆಂಗಸಿನ ಹಣೆಯ ಮೇಲೆ ಬೂದಿ ಇತ್ತು. ಮಿಷಿಗನ್ನಿಗೆ ಬಂದು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮುದುಕನ ಹಣೆಯಲ್ಲೂ ಅದೇ ಬೂದಿ. ನಮ್ಮ ಹಾಗೆ ಮೂರು ಬೆರಳಿನ ಅಡ್ಡಪಟ್ಟಿಯಲ್ಲ. ಯಾರೋ ಹೆಬ್ಬೆರಳಿನಿಂದ ತೀಡಿದ, ಅರೆಬರೆ ಅಳಿಸಿಹೋದ ಶಿಲುಬೆ.

ನಾನು ರೋಣ ತಾಲ್ಲೂಕಿನ ಜಂಗಮ ಅಯ್ಯನವರ ಮನೆತನದವಳು. ವಿಭೂತಿ ಹಚ್ಚದೆ ಚಹಾದ ಕಪ್ಪು ಮುಟ್ಟಿದರೆ ಆಯಿ, ಅಂದರೆ ನನ್ನ ತಂದೆಯ ತಾಯಿ, ಕೈಮೇಲೆ ಹೊಡೆಯುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಜನ ಏನೆಂದುಕೊಂಡಾರೋ ಎಂದು ಮನೆಯಿಂದ ಹೊರಡುವಾಗ ಹಣೆ ಒರೆಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ. ಅಂದೂ ಒರೆಸಿಕೊಂಡೇ ಅಂಗಡಿಗೆ ಹೋಗಿದ್ದೆ. ನಾನು ಮುಚ್ಚಿಟ್ಟದ್ದನ್ನು ಈ ಊರಿನವರು ಎಲ್ಲರೆದುರು ಹಚ್ಚಿಕೊಂಡು ನಿಂತಿದ್ದರು.

ಮನೆಗೆ ಬಂದು ಹೇಳಿದರೆ ನನ್ನ ಯಜಮಾನರು ಮಹಾಂತೇಶ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವರು ಎಂಜಿನಿಯರ್. ಇರ್ತಾವ, ಅವರಿಗೂ ಹಬ್ಬ ಹುಣ್ಣಿವಿ ಇರ್ತಾವ, ಎಂದರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದೆ.

ನಾವು ಇರುವುದು ಡೆಟ್ರಾಯಿಟಿನ ಉತ್ತರಕ್ಕಿರುವ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ. ಇಲ್ಲಿನ ಬಾಡಿಗೆ ಮನೆಗಳು ಒಂದಕ್ಕೊಂದು ಬೆನ್ನು ತಾಗಿಸಿಕೊಂಡು ನಿಂತಿರುತ್ತವೆ, ಎರಡು ಮನೆಗೆ ಒಂದೇ ಗೋಡೆ. ಆ ಗೋಡೆಯಾಚೆ ಇದ್ದವಳು ನಾದಿರಾ. ಬಂದ ವಾರದಲ್ಲೇ ಬಿಸಿ ರೊಟ್ಟಿ ತಂದುಕೊಟ್ಟು, ತಾನು ‘ಉಮ್ ಯೂಸಿಫ್’ ಎಂದು ಪರಿಚಯ ಹೇಳಿಕೊಂಡಿದ್ದಳು. ಅದು ಅವಳ ಹೆಸರೆಂದುಕೊಂಡು ನಾನು ತಿಂಗಳುಗಟ್ಟಲೆ ಹಾಗೇ ಕರೆದೆ. ಆಮೇಲೆ ತಿಳಿಯಿತು: ಅದರ ಅರ್ಥ ‘ಯೂಸಿಫನ ತಾಯಿ’. ನಮ್ಮೂರಲ್ಲಿ ನೆರೆಮನೆಯ ಬಸವಣ್ಣೆವ್ವನನ್ನು ಯಾರಾದರೂ ಹೆಸರು ಹಿಡಿದು ಕರೆದದ್ದುಂಟೇ? ಈರಣ್ಣನ ಅವ್ವ, ಅಷ್ಟೇ. ಅಮೆರಿಕದಲ್ಲಿ ನಮ್ಮೂರಿನದೇ ಎಂದು ನನಗೆ ಗುರುತಾದ ಸಂಗತಿಗಳಲ್ಲಿ ಇದೂ ಒಂದು.

ನಾದಿರಾಳ ಜನ ಇರಾಕಿನ ಉತ್ತರದ ಹಳ್ಳಿಗಳಿಂದ ಬಂದ ಕ್ರೈಸ್ತರು, ಕಾಲ್ಡಿಯನ್ನರು ಎನ್ನುತ್ತಾರೆ. ನಮ್ಮ ಸುತ್ತಿನ ರಸ್ತೆಗಳಲ್ಲಿ ಅವರದೇ ಬೇಕರಿ, ಅವರದೇ ಮಾಂಸದಂಗಡಿ, ಅವರದೇ ಚರ್ಚು. ಇಂಗ್ಲಿಷ್ ಕಲಿಯಬೇಕೆಂದು ಹೆದರಿಕೊಂಡು ಬಂದ ನನ್ನ ಕಿವಿಗೆ ಗೋಡೆಯಾಚೆಯಿಂದ ಬೀಳುತ್ತಿದ್ದದ್ದು ಯೇಸು ಆಡಿದನೆಂದು ಅವರು ಹೆಮ್ಮೆಪಡುವ ಹಳೆಯ ನುಡಿಯ ಇವತ್ತಿನ ರೂಪ. ಅದರಲ್ಲಿ ತಾಯಿಗೆ ‘ಯಿಮ್ಮಾ’. ಕಾಲು ಜಾರಿದರೆ ನಾವು ‘ಯವ್ವಾ’ ಎನ್ನುವಂತೆ ಅವರೂ ಆ ಶಬ್ದವನ್ನೇ ಕೂಗುತ್ತಾರೆ.

ಬೂದಿಯ ವಿಷಯ ಕೇಳಿದ್ದಕ್ಕೆ ನಾದಿರಾ ನಕ್ಕಳು. ಅದು ಈ ಕಡೆಯ ಕ್ಯಾಥಲಿಕರ ಆಚರಣೆ, ಈಸ್ಟರಿನ ಮುಂಚಿನ ದೊಡ್ಡ ಉಪವಾಸ ಶುರುವಾಗುವ ದಿನ ಹಚ್ಚುತ್ತಾರೆ, ಮಣ್ಣಿಂದ ಬಂದವರು ಮಣ್ಣಿಗೆ ಹೋಗುತ್ತೇವೆ ಎಂದು ನೆನಪು ಮಾಡಿಕೊಳ್ಳಲಿಕ್ಕೆ, ಎಂದಳು. ಅವಳ ಚರ್ಚಿನಲ್ಲಿ ಉಪವಾಸ ಎರಡು ದಿನ ಮೊದಲೇ, ಸೋಮವಾರಕ್ಕೇ ಹಿಡಿಯುತ್ತದೆ. ಉಪವಾಸಕ್ಕೆ ಅವರ ಮಾತು ‘ಸೋಮಾ’. ಸೋಮವಾರ ಒಪ್ಪತ್ತು ಮಾಡುವ ನನಗೆ ಇದಕ್ಕಿಂತ ಇನ್ನೇನು ಬೇಕು? ಆ ಉಪವಾಸದ ದಿನಗಳಲ್ಲಿ ಅವಳ ಅಡುಗೆಮನೆಯಲ್ಲಿ ಮಾಂಸ ಇರಲಿಲ್ಲ, ಹೀಗಾಗಿ ನನಗೂ ಅಲ್ಲಿ ಊಟ ಮಾಡಲು ಅಡ್ಡಿಯಿರಲಿಲ್ಲ. ಅವಳು ಕಡಲೆ ಬೇಯಿಸಿದರೆ ನಾನು ಜೋಳದ ರೊಟ್ಟಿ ತಟ್ಟಿ ಒಯ್ಯುತ್ತಿದ್ದೆ. ಸುತ್ತ ಬಿರಿಯದೆ ದುಂಡಗೆ ಬರುವಂತೆ ಹೇಗೆ ತಟ್ಟುತ್ತಿ ಎಂದು ಅವಳು ಕೈ ಹಿಡಿದು ನೋಡುತ್ತಿದ್ದಳು.

ಆದರೂ ಒಂಟಿತನ ಇದ್ದೇ ಇತ್ತು. ಮಗಳು ಸಿರಿ ಶಾಲೆಯ ಬಸ್ಸು ಹತ್ತಿದ ಮೇಲೆ ಮಧ್ಯಾಹ್ನದವರೆಗೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕನ್ನಡದವರು ಇದ್ದಾರೆ, ಪ್ಲಿಮತ್ತಿನ ಕಡೆ ಬಹಳ ಮಂದಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತೇವೆ. ಆದರೆ ಬುಧವಾರ ಹನ್ನೊಂದು ಗಂಟೆಗೆ ಸುಮ್ಮನೆ ಹೋಗಿ ಕೂರಲಿಕ್ಕೆ ಪ್ಲಿಮತ್ ದೂರ. ಕಾರು ಓಡಿಸಲು ಬಾರದವರಿಗೆ ಈ ದೇಶದಲ್ಲಿ ಕಾಲಿದ್ದೂ ಇಲ್ಲ.

ಡ್ರೈವಿಂಗ್ ಕಲಿಸುತ್ತೇನೆಂದು ನಾದಿರಾಳೇ ಹೊರಟಳು. ಇಲ್ಲಿನ ರಸ್ತೆಗಳಿಗೆ ಹದಿನಾಲ್ಕು ಮೈಲು, ಹದಿನೈದು ಮೈಲು ಎಂದೇ ಹೆಸರು. ದೊಡ್ಡ ರಸ್ತೆಗಳಲ್ಲಿ ಎಡಕ್ಕೆ ಹೋಗಬೇಕಾದವರು ನೇರ ಎಡಕ್ಕೆ ತಿರುಗುವ ಹಾಗಿಲ್ಲ. ಸಿಗ್ನಲ್ ದಾಟಿ ಮುಂದೆ ಹೋಗಿ, ನಡುವಿನ ಹುಲ್ಲಿನ ಪಟ್ಟಿಯ ಕಂಡಿಯಲ್ಲಿ ಯು-ಟರ್ನ್ ಹೊಡೆದು, ವಾಪಸ್ ಬಂದು ಬಲಕ್ಕೆ ತಿರುಗಬೇಕು. ಇದಕ್ಕೆ ‘ಮಿಷಿಗನ್ ಲೆಫ್ಟ್’ ಅನ್ನುತ್ತಾರೆ. ಮೊದಲ ಸಲ ನಾನು ಕಂಡಿ ತಪ್ಪಿಸಿಕೊಂಡು ಎಲ್ಲಿಯೋ ಹೋಗಿಬಿಟ್ಟೆ. ನಾದಿರಾ ಕಿಟಕಿಯ ಮೇಲಿನ ಹಿಡಿಕೆ ಬಿಗಿಹಿಡಿದು ಪ್ರಾರ್ಥನೆ ಹೇಳುತ್ತಿದ್ದಳು. ಬೇಸಿಗೆ ಬರುವ ಹೊತ್ತಿಗೆ ನನ್ನ ಕೈಗೆ ಲೈಸೆನ್ಸ್ ಬಂತು. ಆ ದಿನ ಸಿರಿಯನ್ನು ಶಾಲೆಯಿಂದ ನಾನೇ ಕರೆದುಕೊಂಡು ಬಂದೆ. ಅವಳು ಹಿಂದಿನ ಸೀಟಿನಿಂದ ತನ್ನ ಗೆಳತಿಗೆ ಕೈಬೀಸಿದ ರೀತಿ ನೋಡಿದರೆ ನಾನು ವಿಮಾನ ಹಾರಿಸುತ್ತಿದ್ದೇನೆಂದು ಯಾರಾದರೂ ತಿಳಿಯಬೇಕು.

ಆ ಬೇಸಿಗೆಯಲ್ಲೇ ಒಂದು ಭಾನುವಾರ ನಾದಿರಾಳ ಜೊತೆ ಅವಳ ಚರ್ಚಿಗೆ ಹೋದೆ. ಹೊಸ್ತಿಲಲ್ಲಿ ಕಾಲು ತಾನಾಗಿ ಚಪ್ಪಲಿ ಬಿಡಲು ನಿಂತಿತು. ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ನಡೆದಿದ್ದರು. ದೇವರ ಮುಂದೆ ಚಪ್ಪಲಿಯಲ್ಲಿ ಕೂತ ಕಸಿವಿಸಿ ಕೊನೆಯವರೆಗೂ ಹೋಗಲಿಲ್ಲ. ಲೋಬಾನದ ಹೊಗೆ ಮಾತ್ರ ನಮ್ಮ ಗದ್ದುಗೆಯ ಹೊಗೆಯ ಹಾಗೇ ಗಂಟಲಿಗೆ ಹತ್ತಿತು. ಪಾದ್ರಿಗಳನ್ನು ಅವರು ‘ಅಬೂನಾ’ ಎನ್ನುತ್ತಾರೆ, ನಮ್ಮಪ್ಪ ಎಂದರ್ಥ. ಅಬೂನಾ ಬೋಧನೆ ಮಾಡುತ್ತಿದ್ದದ್ದು ಹನ್ನ ಎಂಬ ತಾಯಿಯ ಕಥೆ. ನಾದಿರಾ ಕಿವಿಯಲ್ಲಿ ಪಿಸುಗುಡುತ್ತ ಇಂಗ್ಲಿಷಿಗೆ ತಿರುಗಿಸಿದಳು.

ಬೈಬಲ್ಲಿನ ಹಳೆಯ ಭಾಗದಲ್ಲಿ ಬರುವ ಕಥೆಯಂತೆ. ಹನ್ನಳಿಗೆ ಮಕ್ಕಳಿಲ್ಲ. ಸವತಿಗೆ ಮಕ್ಕಳಿವೆ, ಅವಳು ಚುಚ್ಚುತ್ತಾಳೆ. ವರ್ಷಕ್ಕೊಮ್ಮೆ ಗುಡಿಗೆ ಹೋದಾಗ ಹನ್ನ ಅತ್ತು ಬೇಡಿಕೊಳ್ಳುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಬರುವುದಿಲ್ಲ. ಪೂಜಾರಿ ನೋಡಿ, ಕುಡಿದು ಬಂದಿದ್ದಾಳೆಂದು ಗದರಿಸುತ್ತಾನೆ. ಇಲ್ಲಪ್ಪ, ಎದೆಯಲ್ಲಿರುವುದನ್ನು ದೇವರ ಮುಂದೆ ಸುರಿಯುತ್ತಿದ್ದೇನೆ ಎನ್ನುತ್ತಾಳೆ. ಗಂಡುಮಗುವನ್ನು ಕೊಟ್ಟರೆ ಅವನನ್ನು ನಿನಗೇ ಬಿಡುತ್ತೇನೆಂದು ಅವಳ ಹರಕೆ. ಮಗು ಹುಟ್ಟುತ್ತದೆ, ಸಮುವೇಲ. ಮೊಲೆ ಬಿಡಿಸಿದ ಮೇಲೆ ಕರೆದೊಯ್ದು ಗುಡಿಯಲ್ಲಿ ಬಿಟ್ಟು ಬರುತ್ತಾಳೆ. ಆಮೇಲೆ ಪ್ರತಿ ವರ್ಷ ಒಂದು ಪುಟ್ಟ ನಿಲುವಂಗಿ ಹೊಲಿದು ಒಯ್ದು ಕೊಡುತ್ತಾಳೆ.

ಅಂಗಿಯ ಮಾತು ಕೇಳಿದ ಮೇಲೆ ಮುಂದಿನದು ನನ್ನ ತಲೆಗೆ ಹೋಗಲಿಲ್ಲ. ವರ್ಷಕ್ಕೊಮ್ಮೆ ನೋಡುವ ಮಗನಿಗೆ ಅಳತೆ ಹೇಗೆ ಹಿಡಿದಳು? ಓಣಿಯಲ್ಲಿ ಅವನ ವಾರಿಗೆಯ ಹುಡುಗರನ್ನು ನಿಲ್ಲಿಸಿ ನೋಡುತ್ತಿದ್ದಳೇ? ಅಂಗಿ ಗಿಡ್ಡವಾದ ವರ್ಷ ದಾರಿಯುದ್ದಕ್ಕೂ ಅತ್ತಳೋ, ಮಗ ಬೆಳೆದನೆಂದು ಹಿಗ್ಗಿದಳೋ? ಈ ಪ್ರಶ್ನೆಗಳನ್ನು ನಾದಿರಾಳಿಗೆ ಕೇಳಬೇಕೆಂದು ತಿರುಗಿದರೆ ಅವಳು ಅನುವಾದ ನಿಲ್ಲಿಸಿ, ತಲೆ ಬಗ್ಗಿಸಿ ಅಳುತ್ತಿದ್ದಳು.

ಪಾರ್ಕಿಂಗ್ ಲಾಟಿನಲ್ಲಿ ಕಾರು ಹತ್ತಿ ಕೂತೆವು. ನಾನು ಕೀಲಿ ತಿರುಗಿಸಲಿಲ್ಲ. ನಮ್ಮಿಬ್ಬರದೂ ಕುಂಟುವ ಇಂಗ್ಲಿಷ್; ಅವಳ ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ಇಳಿಸಿಯೇ ಬರೆಯುತ್ತೇನೆ, ನನಗೆ ಅದು ಹಾಗೆಯೇ ಕೇಳಿಸಿದ್ದು.

“ಶಶಿ, ನಿಮ್ಮ ದೇಶದಾಗ ದೇವರಿಗೆ ಮಕ್ಕಳನ್ನ ಕೊಡ್ತಾರೇನು?” ಎಂದಳು.

ಆಮೇಲೆ ತನ್ನ ಕಥೆ ಹೇಳಿದಳು. ಹಳ್ಳಿ ಬಿಟ್ಟು ಗಡಿಯ ಕಡೆ ಓಡುವಾಗ ಯೂಸಿಫ್ ಇನ್ನೂ ಎದೆಹಾಲಿನ ಕೂಸು. ಮೂರು ಸಂಸಾರಗಳನ್ನು ತುಂಬಿಕೊಂಡ ವ್ಯಾನಿನಲ್ಲಿ ಮಗುವಿಗೆ ಜ್ವರ ಏರಿ ಕಣ್ಣು ಮೇಲಾಯಿತು. ಹಿಂದೆ ಆಸ್ಪತ್ರೆಯಿಲ್ಲ, ಮುಂದೆ ಯಾವ ಊರೆಂದು ಗೊತ್ತಿಲ್ಲ. ಆಗ ಅವಳು ಹನ್ನಳ ಮಾತನ್ನೇ ಹೇಳಿದ್ದಳು: ಇವನನ್ನು ಉಳಿಸು, ನಿನ್ನ ಸೇವೆಗೆ ಕೊಡುತ್ತೇನೆ. ಮಗು ಉಳಿಯಿತು. ಈಗ ಅವನು ಕಾಲೇಜು ಮುಗಿಸುತ್ತ ಬಂದ, ಸಂಜೆ ಕಾರ್ಖಾನೆಯಲ್ಲಿ ಕೆಲಸ ಮಾಡುವ, ನಮ್ಮ ಮನೆ ಮುಂದಿನ ಹಿಮವನ್ನೂ ಕೇಳದೆಯೇ ಬಳಿದು ಹೋಗುವ ಎತ್ತರದ ಹುಡುಗ. ಹರಕೆಯ ವಿಷಯ ಅವನಿಗೆ ಗೊತ್ತೇ ಇಲ್ಲ. ಗಂಡ ತೀರಿಕೊಂಡ ಮೇಲೆ ಅದು ಮನೆಯಲ್ಲಿ ಅವಳೊಬ್ಬಳ ಗುಟ್ಟಾಗಿ ಉಳಿದಿತ್ತು.

ಅಬೂನಾಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದ್ದಳಂತೆ. ಒಬ್ಬರು ಮಾಡಿದ ಹರಕೆ ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ, ಮನಸ್ಸು ಹಗುರ ಮಾಡಿಕೊ ಎಂದಿದ್ದರಂತೆ.

“ಅಬೂನಾ ನನ್ನ ಬಿಟ್ಟರು. ದೇವರು ಬಿಟ್ಟಾನೋ ಇಲ್ಲೋ ಯಾರು ಹೇಳ್ಬೇಕು?” ಎಂದಳು ನಾದಿರಾ.

ಆಗ ನಾನು ನನ್ನ ಆಯಿಯ ವಿಷಯ ಹೇಳಿದೆ. ಊರಲ್ಲಿ ಇದನ್ನು ಕಥೆಯೆಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ತಂದೆಯ ನಂತರ ಆಯಿಗೆ ಹುಟ್ಟಿದ ಎರಡು ಕೂಸು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ಮುಂದಿನದು ಉಳಿದರೆ ಮಠಕ್ಕೆ ಬಿಡುತ್ತೇನೆಂದು ಬೇಡಿಕೊಂಡಳು. ಆ ಮಗ ಉಳಿದ. ಹಾಲುಹಲ್ಲು ಬೀಳುವ ವಯಸ್ಸಿಗೆ ಅವನನ್ನು ಮಠಕ್ಕೆ ಮರಿಯಾಗಿ ಬಿಟ್ಟರು, ಮುಂದೆ ಸ್ವಾಮಿಯಾಗಲಿರುವ ಹುಡುಗನನ್ನು ನಮ್ಮ ಕಡೆ ಹಾಗೆ ಕರೆಯುತ್ತೇವೆ. ಅವರು ನನ್ನ ತಂದೆಗೆ ತಮ್ಮ, ನನಗೆ ಕಾಕಾ ಆಗಬೇಕು. ಆದರೆ ನಾವ್ಯಾರೂ ಕಾಕಾ ಎಂದವರಲ್ಲ. ಪಟ್ಟವಾದ ಮೇಲೆ ಅವರು ಎಲ್ಲರಿಗೂ ‘ಅಜ್ಜಾರು’. ಆಯಿ ವರ್ಷಕ್ಕೊಮ್ಮೆ ಮಠಕ್ಕೆ ಹೋಗಿ, ಸಾಲಿನಲ್ಲಿ ನಿಂತು, ತಾನು ಹೆತ್ತ ಮಗನ ಕಾಲಿಗೆ ಬಿದ್ದು ಬರುತ್ತಿದ್ದಳು. ಗುರೆಳ್ಳಿನ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಕುಟ್ಟಿ ಒಯ್ಯುತ್ತಿದ್ದಳು. ಅದನ್ನು ಅವರ ಕೈಗೆ ಕೊಡುತ್ತಿರಲಿಲ್ಲ, ಮಠದ ಅಡುಗೆಯವರಿಗೆ ಕೊಟ್ಟು ಬರುತ್ತಿದ್ದಳು. ಅದು ಅವರ ತಟ್ಟೆಗೆ ಬಿತ್ತೋ ಇಲ್ಲವೋ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ನಾದಿರಾ ಇದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. “ಆ ಹುಡುಗನ್ನ ಯಾರರೆ ಕೇಳಿದ್ರೇನು?”

ಇಷ್ಟು ವರ್ಷ ಆಯಿಯ ಭಕ್ತಿ ದೊಡ್ಡದೆಂದು ಕೇಳಿ ಬೆಳೆದವಳು ನಾನು. ಆ ಕಥೆಯಲ್ಲಿ ಹುಡುಗನೊಬ್ಬ ಇದ್ದಾನೆಂಬುದೇ ನನಗೆ ಹೊಳೆದಿರಲಿಲ್ಲ. ಹನ್ನಳ ಕಥೆಯಲ್ಲೂ ಸಮುವೇಲನನ್ನು ಯಾರೂ ಕೇಳಿದಂತೆ ಕಾಣಲಿಲ್ಲ. ದೇವರೇ ಅವನ ಹೆಸರು ಹಿಡಿದು ಕರೆದದ್ದು ಅವನು ಗುಡಿಗೆ ಸೇರಿದ ಎಷ್ಟೋ ಕಾಲದ ಮೇಲೆ, ಎಂದು ನಾದಿರಾ ಹೇಳಿದಳು.

ಈ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಕೊನೆಗೆ ಅವ್ವನಿಗೆ ಫೋನ್ ಮಾಡಿ, ಮಠಕ್ಕೆ ಹೋದಾಗ ಅಜ್ಜಾರಿಗೆ ಫೋನ್ ಕೊಡು ಎಂದೆ. ಏನು ಕೇಳುವವಳಿದ್ದೇನೆಂದು ಹೇಳಿದಾಗ ಅವ್ವ ಗಾಬರಿಯಾದಳು. ಪೂರ್ವಾಶ್ರಮದ ಮಾತು ಎತ್ತಬಾರದು, ಅಮೆರಿಕಾಕ್ಕ ಹೋಗಿ ಇದನ್ನೇ ಕಲ್ತೇನು, ಎಂದು ಬೈದಳು. ಬೈದರೂ ಮುಂದಿನ ಸೋಮವಾರ ಹೋದಳು. ನಮ್ಮಲ್ಲಿ ಬೆಳಿಗ್ಗೆ, ಸಿರಿ ಆಗತಾನೇ ಸಮ್ಮರ್ ಕ್ಯಾಂಪಿಗೆ ಹೋಗಿದ್ದಳು. ಅಲ್ಲಿ ಸಂಜೆಯ ಪೂಜೆಗೆ ಇನ್ನೂ ಸಮಯವಿತ್ತು. ನಾನು ಹಣೆಗೆ ವಿಭೂತಿ ಹಚ್ಚಿಕೊಂಡು, ಅಡುಗೆಮನೆಯಲ್ಲಿ ನಿಂತೇ ಮಾತಾಡಿದೆ. ಮೊದಲು ಚಳಿ ಎಷ್ಟಿರುತ್ತದೆ, ಜೋಳದ ಹಿಟ್ಟು ಸಿಗುತ್ತದೆಯೇ ಎಂದೆಲ್ಲ ಅವರೇ ವಿಚಾರಿಸಿದರು. ಆಮೇಲೆ ನಾನು ನಾದಿರಾಳ ಸಂಗತಿ ಹೇಳಿ, ತಪ್ಪು ತಿಳಿಯಬಾರದೆಂದು ಬೇಡಿ, ನಿಮ್ಮನ್ನು ಯಾರಾದರೂ ಕೇಳಿದ್ದರೇ ಎಂದು ಕೇಳಿಬಿಟ್ಟೆ.

 

“ಯಾರೂ ಕೇಳಲಿಲ್ಲ ತಂಗಿ. ಆವಾಗ ಹುಡುಗರನ್ನ ಕೇಳೋ ರೂಢಿ ಎಲ್ಲಿತ್ತು? ನಾವು ಬಂದ್ವಿ, ಉಳಿದ್ವಿ. ಉಳಿದದ್ದಕ್ಕ ದುಃಖ ಇಲ್ಲ, ಇಲ್ಲೇ ನಮಗ ದಾರಿ ಕಂಡ್ತು,” ಎಂದರು. “ನಿಮ್ಮ ಆಯಿ ಬರೋಳು. ಎಲ್ಲಾರ ಹಂಗ ಕಾಲಿಗೆ ಬಿದ್ದು, ‘ಪ್ರಸಾದ ಆತೇನ್ರಿ ಬುದ್ಧಿ’ ಅಂತ ಕೇಳೋಳು. ಅಷ್ಟ ಮಾತು. ನನಗ ಅದು ‘ಮನಿಗೆ ಬರ್ತೀಯೇನಪ್ಪಾ’ ಅಂತ ಕೇಳಿಸ್ತಿತ್ತು. ನಾನು ‘ಆತ್ರಿ’ ಅಂತಿದ್ದೆ.”

ಸ್ವಾಮಿಗಳು ತಮ್ಮನ್ನು ‘ನಾವು’ ಎಂದೇ ಹೇಳಿಕೊಳ್ಳುತ್ತಾರೆ. ಅವರ ಬಾಯಲ್ಲಿ ‘ನಾನು’ ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಮುಂದೆ ಅವರು ಆಶೀರ್ವಾದ ಹೇಳಿ ಫೋನನ್ನು ಅವ್ವನಿಗೆ ಕೊಟ್ಟರು. ಅವ್ವ ಮೂಗು ಸೀಟಿದ ಸದ್ದು ಕೇಳಿಸಿತು.

ಇದನ್ನು ನಾದಿರಾಳಿಗೆ ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಮಾರ್ಕೆಟ್ಟಿಗೆ ಹೋಗುವಾಗ ಕಾರಿನಲ್ಲಿ ಹೇಳಿದೆ. ಮಠದಲ್ಲಿ ಪ್ರಸಾದವೆಂದರೆ ಊಟವೆಂದು, ‘ಆತ್ರಿ’ ಎಂದರೆ ಆಯಿತು ಎಂದು ಅವಳು ಕೇಳಿ ತಿಳಿದುಕೊಂಡಳು. ಮಾರ್ಕೆಟ್ಟು ಮುಗಿಸಿ ಮನೆಗೆ ಬಂದೆವು. ಇಳಿಯುವಾಗ, “ನಿನ್ನ ಅಜ್ಜಿಯ ಹಂಗ ಸುತ್ತಿ ಬಳಸಿ ಕೇಳಂಗಿಲ್ಲ ನಾನು. ನೆಟ್ಟಗ ಕೇಳ್ತೀನಿ,” ಎಂದಳು.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದಳಂತೆ. ವ್ಯಾನು, ಜ್ವರ, ಹರಕೆ. ಯೂಸಿಫ್ ಮೊದಲು ತಮಾಷೆಯೆಂದುಕೊಂಡು ನಕ್ಕ. ಆಮೇಲೆ, ‘ಇಲ್ಲ ಯಿಮ್ಮಾ, ನನ್ನ ಕೈಲಿ ಆಗೋದಿಲ್ಲ’ ಎಂದ. ಅಷ್ಟಕ್ಕೇ ಮುಗಿಯಲಿಲ್ಲ. ಇಷ್ಟು ವರ್ಷ ನನ್ನನ್ನು ನೋಡಿದಾಗಲೆಲ್ಲ ನಿನಗೆ ತೀರಿಸದ ಹರಕೆ ಕಾಣುತ್ತಿತ್ತೇ ಎಂದು ಕೇಳಿ ಎದ್ದು ಹೋದ. ಸೌತ್‌ಫೀಲ್ಡಿನಲ್ಲಿದ್ದ ಗೆಳೆಯನ ಮನೆಯಲ್ಲಿ ಕೆಲವು ವಾರ ಇದ್ದ. ಗೋಡೆಯಾಚೆ ರೇಡಿಯೋ ಸದ್ದೂ ನಿಂತುಹೋಯಿತು.

ಕೇಳು ಎಂದು ಪರೋಕ್ಷವಾಗಿ ಹೇಳಿದವಳು ನಾನೇ ಅಲ್ಲವೇ ಎಂದು ನನಗೆ ಕಳವಳ. ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದಾಗ ನಾದಿರಾ ಬಂದು ಎದುರಿಗೆ ಕೂತಳು. ಬೈಯಲು ಬಂದಳೆಂದುಕೊಂಡೆ.

“ಅಂವಾ ಹೂಂ ಅನ್ನಲಿ ಅಂತ ಬೇಡ್ಕೊಂಡಿದ್ದೆ. ಇಲ್ಲ ಅಂದಾಗ, ಅದೇ ಬಾಯಿಲೆ, ಸದ್ಯ ಮಗ ನನ್ನ ಹತ್ರನ ಉಳಿದ, ದೇವರೇ ನಿನಗ ಶರಣು ಅಂದೆ,” ಎಂದಳು. “ಇದರಾಗ ಯಾವುದು ನನ್ನ ಖರೇ ಪ್ರಾರ್ಥನಾ, ಶಶಿ?”

ನಾನು ತವೆಯ ಮೇಲಿನ ರೊಟ್ಟಿ ತೆಗೆದು ಅವಳ ಮುಂದಿಟ್ಟೆ. ಅದನ್ನು ಮುರಿಯುತ್ತ ಅವಳೇ ಯೇಸುವಿನ ತಾಯಿ ಮರಿಯಮ್ಮನ ಮಾತೆತ್ತಿದಳು. ಯೇಸು ಹನ್ನೆರಡರ ಹುಡುಗನಾಗಿದ್ದಾಗ ಜಾತ್ರೆಯಂಥ ಗದ್ದಲದಲ್ಲಿ ತಪ್ಪಿಸಿಕೊಂಡನಂತೆ. ಹುಡುಕಿ ಹುಡುಕಿ ದೇವಾಲಯದಲ್ಲಿ ಸಿಕ್ಕಾಗ, ನಾನು ನನ್ನ ತಂದೆಯ ಮನೆಯಲ್ಲಿ ಇರಬೇಕಾದವನಲ್ಲವೇ ಎಂದನಂತೆ. ತಾಯಿಗೆ ಆ ಮಾತು ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಎದೆಯಲ್ಲಿಟ್ಟುಕೊಂಡು ಮಗನ ಜೊತೆ ಮನೆಗೆ ನಡೆದಳು. ನಂಬಿಕೆಯ ತಾಯಿ ಎಂದರೆ ಕೊಟ್ಟುಬಿಡುವವಳು ಎಂದು ಇಷ್ಟು ದಿನ ತಿಳಿದಿದ್ದೆ, ಎಂದಳು ನಾದಿರಾ. ಅರ್ಥವಾಗದೆಯೂ ಜೊತೆಗೆ ನಡೆಯುವವಳೂ ಇದ್ದಾಳೆ ನಮ್ಮ ಗ್ರಂಥದಲ್ಲಿ, ಅವಳನ್ನು ನಾನು ನೋಡಿಯೇ ಇರಲಿಲ್ಲ, ಎಂದೂ ಹೇಳಿದಳು.

ಯೂಸಿಫ್ ಮರಳಿ ಬಂದ. ತಾನಾಗಿಯೇ, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು. ಹರಕೆ ನನ್ನದಲ್ಲ, ಆದರೆ ನನ್ನ ಜೀವಕ್ಕೆಂದೇ ಮಾಡಿದ್ದು, ಅದರಲ್ಲಿ ನನಗೂ ಪಾಲಿದೆ ಎಂದನಂತೆ. ಈಗ ಭಾನುವಾರ ಬೆಳಿಗ್ಗೆ, ಕಾರು ಓಡಿಸಲಾಗದ ಮುದುಕರನ್ನು ಮನೆಮನೆಯಿಂದ ಚರ್ಚಿಗೆ ಕರೆದೊಯ್ಯುತ್ತಾನೆ. ಪಾದ್ರಿಯಾಗುವುದಿಲ್ಲ. ಮುಂದಿನ ವರ್ಷ ಮದುವೆಯ ಮಾತು ನಡೆದಿದೆ. ನಾದಿರಾಳಿಗೆ ಇದರಿಂದ ಪೂರ್ತಿ ನೆಮ್ಮದಿ ಸಿಕ್ಕಿದೆ ಎಂದು ಹೇಳಲಾರೆ. ಹನ್ನಳ ಹೆಸರು ಬಂದಾಗ ಇವತ್ತಿಗೂ ಅವಳ ಮುಖ ಸಣ್ಣದಾಗುತ್ತದೆ. ಆದರೆ ಗೋಡೆಯಾಚೆ ತಾಯಿ ಮಗ ಜಗಳವಾಡುವ ಸದ್ದು ಕೇಳುತ್ತದೆ, ಗುಟ್ಟಿದ್ದ ಕಾಲದಲ್ಲಿ ಅವರು ಜಗಳವಾಡುತ್ತಲೇ ಇರಲಿಲ್ಲ.

ನನ್ನ ಮಾತೂ ಒಂದು ಉಳಿದಿದೆ. ಊರಿಂದ ಹೊರಡುವಾಗ ಕುಲದೇವರ ಮುಂದೆ ನಿಂತು, ಸಿರಿ ಹೈಸ್ಕೂಲಿಗೆ ಬರುವುದರೊಳಗೆ ವಾಪಸ್ ಕರೆತರುತ್ತೇನೆಂದು ನಾನೂ ಮಾತು ಕೊಟ್ಟಿದ್ದೆ. ಈ ಚಳಿಗಾಲಕ್ಕೆ ಅವಳಿಗೆ ಹನ್ನೆರಡು ತುಂಬಿತು. ಮಹಾಂತೇಶ ಅವರ ಕಂಪನಿಯವರು ಇಲ್ಲಿಯೇ ಮುಂದುವರಿಯುತ್ತೀರೋ, ಪುಣೆಯ ಆಫೀಸಿಗೆ ಹೋಗುತ್ತೀರೋ ಎಂದು ಕೇಳಿದ್ದಾರೆ. ಮೊದಲಿನ ಹಾಗಿದ್ದರೆ ಇದನ್ನು ನಾವಿಬ್ಬರೇ ತೀರ್ಮಾನಿಸಿ ಸಿರಿಗೆ ಹೇಳುತ್ತಿದ್ದೆವು. ಕಳೆದ ಶನಿವಾರ ರಾತ್ರಿ ಪಾತ್ರೆ ಒರೆಸುತ್ತ ನಿಂತಿದ್ದ ಅವಳನ್ನು ನಾನು ನೆಟ್ಟಗೆ ಕೇಳಿದೆ.

“ಸಿರಿ, ನಾವು ಊರಿಗೆ ವಾಪಸ್ ಹೋಗೋಣೇನು?”

ಅವಳು ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಈಗಲೇ ಹೇಳಬೇಕೇ, ತನಗೆ ಟೈಮ್ ಬೇಕು ಎಂದಳು. ಆಮೇಲೆ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

“ಡಿಡ್ ಎನಿಬಡಿ ಆಸ್ಕ್ ಯೂ, ಅಮ್ಮಾ? ಇಲ್ಲಿಗೆ ಬರೋ ಮುಂಚೆ?”

ಯೋಚಿಸಿ ನೋಡಿದೆ. ಮಹಾಂತೇಶ ಆಫರ್ ಬಂತೆಂದು ಹೇಳಿದರು, ಅತ್ತೆಯವರು ಪೇಡೆ ಹಂಚಿದರು, ನಾನು ಚೀಲ ಕಟ್ಟಿದೆ. ಯಾರ ಮೇಲೂ ಸಿಟ್ಟಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

“ಇಲ್ಲವ್ವಾ,” ಎಂದೆ.

“ಈಗ ಕೇಳಿದ್ರೆ?” ಎಂದಳು ಸಿರಿ, ಪೂರ್ತಿ ಕನ್ನಡದಲ್ಲಿ.

ಗೋಡೆಯಾಚೆ ನಾದಿರಾ ಯಾರಿಗೋ ಜೋರಾಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಮಾತಿನಲ್ಲಿ ಅರ್ಧ ಈಗ ನನಗೆ ತಿಳಿಯುತ್ತದೆ. ಊರಲ್ಲಿ ಅದೇ ಹೊತ್ತಿಗೆ ಅವ್ವ ಎದ್ದು ಅಂಗಳಕ್ಕೆ ನೀರು ಹೊಡೆಯುತ್ತಿರುತ್ತಾಳೆ, ಅದೂ ನನಗೆ ಇಲ್ಲಿಂದಲೇ ಕಾಣುತ್ತದೆ.

“ನನಗೂ ಟೈಮ್ ಬೇಕು,” ಎಂದೆ. ಸಿರಿ ಸರಿ ಎಂಬಂತೆ ತಲೆಯಾಡಿಸಿ, ಮುಂದಿನ ತಟ್ಟೆ ಕೊಡು ಎಂದು ಕೈ ಚಾಚಿದಳು.